ಆಗಸ್ಟ್‌ನ ಆಸೆ, ನವೆಂಬರ್‌ನ ಲೆಕ್ಕ: ನೆಬ್ರಾಸ್ಕಾದ ಫುಟ್‌ಬಾಲ್ ನಿರೀಕ್ಷೆಯನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಅಮೆರಿಕದ ನಡುಭಾಗದಲ್ಲಿರುವ ನೆಬ್ರಾಸ್ಕಾ ರಾಜ್ಯದಲ್ಲಿ ಆಗಸ್ಟ್ ಬಂತೆಂದರೆ ಬ್ಯಾಂಕು, ವಿಮಾ ಕಚೇರಿ, ಪೆಟ್ರೋಲ್ ಬಂಕುಗಳ ಕೌಂಟರಿನ ಮೇಲೆ ಅಂಗೈಯಗಲದ ಕೆಂಪು ಕಾರ್ಡುಗಳ ಕಟ್ಟು ಕಾಣಿಸಿಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಹೊಸ ವರ್ಷಕ್ಕೆ ಚಿನ್ನದಂಗಡಿಯವರೂ ಸಹಕಾರಿ ಬ್ಯಾಂಕಿನವರೂ ಕ್ಯಾಲೆಂಡರ್ ಹಂಚುವ ಹಾಗೆ ಇಲ್ಲಿ ಪುಕ್ಕಟೆಯಾಗಿ ಹಂಚುವ ಈ ಕಾರ್ಡಿನಲ್ಲಿ ಇರುವುದು ಹನ್ನೆರಡೇ ಸಾಲು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆ ವರ್ಷ ಆಡಲಿರುವ ಹನ್ನೆರಡು ಪಂದ್ಯಗಳ ದಿನಾಂಕ, ಎದುರಾಳಿಯ ಹೆಸರು, ನಡೆಯುವ ಊರು, ಅಷ್ಟೆ. ಒಮಾಹಾದ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯೊಬ್ಬರು ಪ್ರತಿವರ್ಷವೂ ಈ ಕಾರ್ಡನ್ನು ಕಂಪ್ಯೂಟರ್ ಪಕ್ಕದ ಬಟ್ಟೆಗೋಡೆಗೆ ಗುಂಡುಸೂಜಿಯಿಂದ ಚುಚ್ಚಿ, ಒಂದೊಂದು ಸಾಲಿನ ಎದುರಿಗೂ ಗೆಲುವೋ ಸೋಲೋ ಎಂದು ಗುರುತು ಹಾಕುತ್ತಾರೆ. ಪೆನ್ಸಿಲಿನಲ್ಲಿ ಮಾತ್ರ, ಪೆನ್ನು ಮುಟ್ಟುವುದಿಲ್ಲ.

ಕೆಲಸಕ್ಕೆಂದೋ ಮಕ್ಕಳ ಓದಿಗೆಂದೋ ಒಮಾಹಾ, ಲಿಂಕನ್ ನಗರಗಳಿಗೆ ಬಂದಿಳಿಯುವ ಕನ್ನಡ ಕುಟುಂಬಗಳಿಗೆ ಮೊದಲ ಆಗಸ್ಟ್‌ನಲ್ಲೇ ಈ ಜ್ವರದ ಪರಿಚಯವಾಗುತ್ತದೆ. ‘ಈ ಸಲ ಎಷ್ಟು ಗೆಲ್ಲುತ್ತೇವೆ ಅನ್ನಿಸುತ್ತದೆ?’ ಎಂದು ಹಲ್ಲಿನ ವೈದ್ಯರೂ ಕೇಳುತ್ತಾರೆ, ಮಗುವಿನ ಶಾಲೆಯ ಬಸ್ ಚಾಲಕರೂ ಕೇಳುತ್ತಾರೆ. ಆಟದ ಗಂಧಗಾಳಿ ಇಲ್ಲದವರು ನಕ್ಕು ಸುಮ್ಮನಾಗಬೇಕಾಗುತ್ತದೆ. ಆ ಪ್ರಶ್ನೆಯ ಹಿಂದಿರುವ ಇತಿಹಾಸ, ನಿಯಮ ಮತ್ತು ಲೆಕ್ಕಾಚಾರವನ್ನು ಮೊದಲಿನಿಂದ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಇದು ಯಾವ ಫುಟ್‌ಬಾಲ್?

ನಾವು ಫುಟ್‌ಬಾಲ್ ಎನ್ನುವ ಕಾಲ್ಚೆಂಡಾಟಕ್ಕೆ ಅಮೆರಿಕನ್ನರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲಿನ ಚೆಂಡು ಎರಡೂ ತುದಿ ಚೂಪಾಗಿರುವಂಥದ್ದು. ಅದಕ್ಕೆ ಕಾಲಿಗಿಂತ ಕೈಯ ಒಡನಾಟವೇ ಹೆಚ್ಚು. 100 ಗಜ ಉದ್ದದ ಮೈದಾನದಲ್ಲಿ ತಂಡಕ್ಕೆ 11 ಜನರಂತೆ ಎದುರುಬದುರು ನಿಲ್ಲುತ್ತಾರೆ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡ ಅದನ್ನು ಹೊತ್ತು ಓಡಿ ಅಥವಾ ಮುಂದಿರುವವನಿಗೆ ಎಸೆದು ಎದುರಾಳಿಯ ಕೊನೆಯ ಗೆರೆ ದಾಟಿಸಬೇಕು. ದಾಟಿಸಿದರೆ ಅದು ಟಚ್‌ಡೌನ್, ಆರು ಅಂಕ. ಅದರ ಬೆನ್ನಿಗೆ ಒಂದೋ ಎರಡೋ ಹೆಚ್ಚುವರಿ ಅಂಕ ಗಳಿಸಲು ಒಂದು ಅವಕಾಶ. ಗೆರೆ ದಾಟಿಸಲಾಗದಿದ್ದರೆ ದೂರದಿಂದಲೇ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ತೂರಿಸಿ ಮೂರು ಅಂಕ ಪಡೆಯಬಹುದು.

ಇದರ ತಿರುಳು ಇರುವುದು ‘ಡೌನ್’ ಎಂಬ ಕಲ್ಪನೆಯಲ್ಲಿ. ಕ್ರಿಕೆಟ್ ಬಲ್ಲವರು ಇದನ್ನು ನಾಲ್ಕೇ ಎಸೆತಗಳ ಓವರ್ ಎಂದು ಭಾವಿಸಿಕೊಳ್ಳಬಹುದು. ಆ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಅದೇ ತಂಡಕ್ಕೆ ಹೊಸ ಓವರ್ ಸಿಗುತ್ತದೆ. ಸಾಗದಿದ್ದರೆ ಬ್ಯಾಟು ಎದುರಾಳಿಯ ಕೈಗೆ. ಯತ್ನಗಳೆಲ್ಲ ಸಾಮಾನ್ಯವಾಗಿ ಒಬ್ಬನ ಕೈಯಿಂದಲೇ ಆರಂಭವಾಗುತ್ತವೆ, ಅವನು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ಎರಡು ಮೂರು ಸೆಕೆಂಡಿನಲ್ಲಿ ನಿರ್ಧರಿಸುವ ಇವನೊಬ್ಬ ಗಾಯಗೊಂಡರೆ ತಂಡದ ವರ್ಷವೇ ಕೈತಪ್ಪುವುದುಂಟು. ನೆಬ್ರಾಸ್ಕಾದವರಿಗೆ ಇದು ಬರಿಯ ನಿಯಮದ ಮಾತಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ವಿಶ್ವವಿದ್ಯಾಲಯದ ತಂಡಕ್ಕೆ ಇಡೀ ರಾಜ್ಯ ಏಕೆ ಜೀವ ಬಿಡುತ್ತದೆ?

ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ಸುದ್ದಿ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತದೆ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ವೃತ್ತಿಪರ ಲೀಗಿನ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ದೊಡ್ಡ ಉದ್ಯಮ. ಶಾಲೆ ಮುಗಿಸಿದ ಹುಡುಗ ನೇರವಾಗಿ ವೃತ್ತಿಪರ ಲೀಗಿಗೆ ಹೋಗುವಂತಿಲ್ಲ, ಮೂರು ವರ್ಷ ಕಾಯಬೇಕು. ಆ ಅವಧಿಯಲ್ಲಿ ಅವನು ಆಡುವುದು ಯಾವುದೋ ವಿಶ್ವವಿದ್ಯಾಲಯದ ಪರವಾಗಿ. ಅತ್ಯುನ್ನತ ಹಂತದಲ್ಲಿ 2025ರಲ್ಲಿ 136 ವಿಶ್ವವಿದ್ಯಾಲಯಗಳ ತಂಡಗಳಿದ್ದವು.

ನೆಬ್ರಾಸ್ಕಾದ ವಿಷಯದಲ್ಲಿ ಇನ್ನೊಂದು ಕಾರಣವಿದೆ. ಜನಸಂಖ್ಯೆ ಸುಮಾರು 20 ಲಕ್ಷವಿರುವ ಈ ರಾಜ್ಯಕ್ಕೆ ದೊಡ್ಡ ವೃತ್ತಿಪರ ಲೀಗಿನ ಫುಟ್‌ಬಾಲ್ ತಂಡವೇ ಇಲ್ಲ. ಹತ್ತಿರದ ವೃತ್ತಿಪರ ತಂಡ ನೋಡಬೇಕೆಂದರೆ ಕಾನ್ಸಸ್ ಸಿಟಿಗೆ ಮೂರು ಗಂಟೆ ಕಾರು ಓಡಿಸಬೇಕು. ಹೀಗಾಗಿ ಲಿಂಕನ್ ನಗರದ ವಿಶ್ವವಿದ್ಯಾಲಯದ ತಂಡವೇ ಪೂರ್ವದ ಒಮಾಹಾದ ವಿಮಾ ಕಂಪನಿಯ ಗುಮಾಸ್ತನಿಗೂ ಪಶ್ಚಿಮದ ದನ ಸಾಕುವ ರೈತನಿಗೂ ಏಕೈಕ ತಂಡ. ತಂಡದ ಅಡ್ಡಹೆಸರಾದ ‘ಕಾರ್ನ್‌ಹಸ್ಕರ್ಸ್’ ಎಂಬುದಕ್ಕೆ ಮೆಕ್ಕೆಜೋಳದ ತೆನೆಯ ಸಿಪ್ಪೆ ಸುಲಿಯುವವರು ಎಂದರ್ಥ. ದಾವಣಗೆರೆ, ಹಾವೇರಿ ಕಡೆಯವರಿಗೆ ಈ ಹೆಸರಿನ ಬೆವರು ಬೇರೆ ಹೇಳಿ ತಿಳಿಸಬೇಕಾಗಿಲ್ಲ.

ಲಿಂಕನ್‌ನ ಮೆಮೋರಿಯಲ್ ಕ್ರೀಡಾಂಗಣ ಆರಂಭವಾದದ್ದು 1923ರಲ್ಲಿ. 1962ರ ನವೆಂಬರ್‌ನಿಂದ ಈಚೆಗೆ ಅಲ್ಲಿ ನಡೆದ ಪ್ರತಿಯೊಂದು ಪಂದ್ಯದ ಟಿಕೆಟುಗಳೂ ಪೂರ್ತಿ ಮಾರಾಟವಾಗಿವೆ ಎಂಬುದು ದಾಖಲೆ. ಆ ಸರಣಿ 400 ಪಂದ್ಯಗಳನ್ನು ದಾಟಿದೆ. ಕಷ್ಟದ ವರ್ಷಗಳಲ್ಲಿ ಉಳಿದ ಟಿಕೆಟುಗಳನ್ನು ದಾನಿಗಳು ಕೊಂಡು ಬಡ ಮಕ್ಕಳಿಗೆ ಕೊಟ್ಟು ಸರಣಿಯನ್ನು ಕಾಪಾಡಿದ್ದೂ ಉಂಟು, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಸುಮಾರು 85 ಸಾವಿರ ಜನ ಸೇರುವ ಪಂದ್ಯದ ದಿನ ಒಮಾಹಾ ಮತ್ತು ಲಿಂಕನ್ ಬಿಟ್ಟರೆ ಈ ಕ್ರೀಡಾಂಗಣವೇ ರಾಜ್ಯದ ಮೂರನೆಯ ದೊಡ್ಡ ‘ಊರು’. ಅಂಥ ಶನಿವಾರಗಳಲ್ಲಿ ಒಮಾಹಾದಿಂದ ಲಿಂಕನ್‌ಗೆ ಹೋಗುವ ಹೆದ್ದಾರಿಯಲ್ಲಿ ಕಾರಿನ ಕಿಟಕಿಗಳಿಗೆ ಸಿಕ್ಕಿಸಿದ ಪುಟ್ಟ ಕೆಂಪು ಬಾವುಟಗಳು ಸಾಲಾಗಿ ಪಟಪಟಿಸುತ್ತಿರುತ್ತವೆ; ಆಟ ಶುರುವಾದ ಮೇಲೆ ಒಮಾಹಾದ ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಸಾಲೇ ಇರುವುದಿಲ್ಲ. ತಿಂಗಳ ದಿನಸಿ ತರಲು ನಮ್ಮಂಥವರು ಆರಿಸಿಕೊಳ್ಳುವ ಹೊತ್ತು ಅದೇ. ತಂಡ ಮೊದಲ ಅಂಕ ಗಳಿಸಿದ ಕೂಡಲೇ ಸಾವಿರಾರು ಕೆಂಪು ಬಲೂನುಗಳನ್ನು ಆಕಾಶಕ್ಕೆ ಬಿಡುವ ಹಳೆಯ ಪದ್ಧತಿಯೊಂದಿತ್ತು. ಹೀಲಿಯಂ ಕೊರತೆಯಿಂದ 2022ರಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಹಳೆಯ ವೈಭವ ಎಂಬ ಹೊರೆ

ಎಷ್ಟೋ ತಂಡಗಳ ಅಭಿಮಾನಿಗಳು ಎಂದೂ ಕಾಣದ ಗೆಲುವಿಗಾಗಿ ಆಸೆಪಡುತ್ತಾರೆ. ನೆಬ್ರಾಸ್ಕಾದವರದು ಕಳೆದುಕೊಂಡದ್ದನ್ನು ಮರಳಿ ಪಡೆಯುವ ಆಸೆ, ಆದ್ದರಿಂದ ಅದರ ಬಣ್ಣವೇ ಬೇರೆ. ತಂಡ ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಎನಿಸಿದೆ: 1970, 1971, 1994, 1995 ಮತ್ತು 1997. ಕೊನೆಯ ಮೂರು ಪ್ರಶಸ್ತಿಗಳು ಟಾಮ್ ಆಸ್ಬಾರ್ನ್ ಅವರ ಕಾಲದವು. 1973ರಿಂದ 1997ರವರೆಗೆ 25 ವರ್ಷ ಮುಖ್ಯ ತರಬೇತುದಾರರಾಗಿದ್ದ ಅವರು 255 ಪಂದ್ಯ ಗೆದ್ದರು, 49 ಸೋತರು. ಅವರ ಯಾವ ವರ್ಷದಲ್ಲೂ ಗೆಲುವು ಒಂಬತ್ತಕ್ಕಿಂತ ಕೆಳಗಿಳಿಯಲಿಲ್ಲ. ಜನ ಮುಂದೆ ಅವರನ್ನು ಅಮೆರಿಕದ ಸಂಸತ್ತಿಗೂ ಆರಿಸಿ ಕಳಿಸಿದರು.

ಆ ಅಳತೆಗೋಲು ಮುಂದೆ ತರಬೇತುದಾರರಿಗೆ ಉರುಳಾಯಿತು. ಆಸ್ಬಾರ್ನ್ ನಂತರ ಬಂದ ಫ್ರ್ಯಾಂಕ್ ಸೋಲಿಚ್ 2003ರಲ್ಲಿ ಒಂಬತ್ತು ಪಂದ್ಯ ಗೆದ್ದ ಋತುವಿನಲ್ಲೇ ಕೆಲಸ ಕಳೆದುಕೊಂಡರು. ಏಳು ವರ್ಷ ಸತತವಾಗಿ ಒಂಬತ್ತಕ್ಕೆ ಕಡಿಮೆಯಿಲ್ಲದಂತೆ ಗೆದ್ದ ಬೋ ಪೆಲಿನಿ ಅವರನ್ನೂ 2014ರಲ್ಲಿ ಕಳಿಸಲಾಯಿತು. ವಿಧಿಯ ವ್ಯಂಗ್ಯವೆಂದರೆ 2016ರ ನಂತರ ತಂಡ ಒಮ್ಮೆಯೂ ಒಂಬತ್ತು ಗೆಲುವು ಕಂಡಿಲ್ಲ. 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಸ್ಕಾಟ್ ಫ್ರಾಸ್ಟ್ 2018ರಲ್ಲಿ ಊರಿನ ಮಗನಾಗಿ, ತರಬೇತುದಾರರಾಗಿ ಮರಳಿ ಬಂದಾಗ ರಾಜ್ಯಕ್ಕೆ ರಾಜ್ಯವೇ ಸಂಭ್ರಮಿಸಿತು. ಅವರ ಲೆಕ್ಕ 16 ಗೆಲುವು, 31 ಸೋಲಿಗೆ ಮುಗಿದು, 2022ರ ಋತುವಿನ ಆರಂಭದಲ್ಲೇ ಅವರೂ ಹೊರಬಿದ್ದರು.

ಆರು, ಒಂಬತ್ತು, ಹತ್ತು: ಗೆಲುವಿನ ಸಂಖ್ಯೆಗಳ ಅರ್ಥ

‘ಎಷ್ಟು ಗೆಲ್ಲುತ್ತೇವೆ?’ ಎಂಬ ಪ್ರಶ್ನೆಗೆ ಬರುವ ಉತ್ತರವನ್ನು ಅಳೆಯಬೇಕಾದರೆ ಕೆಲವು ಹೊಸ್ತಿಲುಗಳನ್ನು ತಿಳಿದಿರಬೇಕು. 136 ತಂಡಗಳು ಒಂದರೊಡನೊಂದು ಆಡುವುದು ಅಸಾಧ್ಯ. ಆದ್ದರಿಂದ ಅವು ‘ಕಾನ್ಫರೆನ್ಸ್’ ಎಂಬ ಒಕ್ಕೂಟಗಳಾಗಿ ಹಂಚಿಕೊಂಡಿವೆ. ನೆಬ್ರಾಸ್ಕಾ 2011ರಿಂದ ಬಿಗ್ ಟೆನ್ ಒಕ್ಕೂಟದಲ್ಲಿದೆ. ಹೆಸರು ಹತ್ತು ಎಂದರೂ 2024ರಿಂದ ಅದರಲ್ಲಿರುವ ತಂಡಗಳು 18; ಲೆಕ್ಕ ಕಲಿಸುವ ವಿಶ್ವವಿದ್ಯಾಲಯಗಳೇ ಕೂಡಿ ಇಟ್ಟುಕೊಂಡ ಹೆಸರು ಇದು ಎಂದು ಅಭಿಮಾನಿಗಳೇ ನಗುತ್ತಾರೆ. ಹನ್ನೆರಡು ಪಂದ್ಯಗಳಲ್ಲಿ ಒಂಬತ್ತು ಈ ಒಕ್ಕೂಟದೊಳಗಿನವು, ಉಳಿದ ಮೂರು ಹೊರಗಿನವರೊಂದಿಗೆ.

ಮೊದಲ ಹೊಸ್ತಿಲು ಆರು ಗೆಲುವು. ಆರು ಗೆದ್ದ ತಂಡಕ್ಕೆ ಡಿಸೆಂಬರ್ ಹೊತ್ತಿಗೆ ನಡೆಯುವ ‘ಬೌಲ್’ ಪಂದ್ಯಗಳಲ್ಲಿ ಒಂದನ್ನು ಆಡುವ ಅರ್ಹತೆ ಸಿಗುತ್ತದೆ. ಪರೀಕ್ಷೆಯಲ್ಲಿ ಪಾಸಾಗಲು ಕನಿಷ್ಠ ಅಂಕ ಬೇಕಾದಂತೆ ಇದು. ಇದರಿಂದ ಪ್ರಶಸ್ತಿಯೇನೂ ಕೈಸೇರುವುದಿಲ್ಲ, ಆದರೆ ಇದೂ ಸಿಗದಿದ್ದರೆ ಅವಮಾನ. 1969ರಿಂದ 2003ರವರೆಗೆ 35 ವರ್ಷ ತಪ್ಪದೆ ಬೌಲ್ ಆಡಿದ ನೆಬ್ರಾಸ್ಕಾ 2017ರಿಂದ 2023ರವರೆಗೆ ಏಳು ವರ್ಷ ಒಂದನ್ನೂ ಕಾಣಲಿಲ್ಲ. 2024ರ ನವೆಂಬರ್‌ನಲ್ಲಿ ವಿಸ್ಕಾನ್ಸಿನ್ ಮೇಲೆ ಆರನೆಯ ಗೆಲುವು ಬಂದಾಗ ಜನ ಮೈದಾನಕ್ಕೆ ನುಗ್ಗಿ ಕುಣಿದದ್ದು ಈ ಕಾರಣಕ್ಕೆ. ಆ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಬಾಸ್ಟನ್ ಕಾಲೇಜನ್ನು 20–15ರಿಂದ ಸೋಲಿಸಿ ತಂಡ ಬರಗಾಲ ಮುರಿಯಿತು.

ಕೊನೆಯ ಹೊಸ್ತಿಲು ಪ್ಲೇಆಫ್. 2014ರಿಂದ 2023ರವರೆಗೆ ರಾಷ್ಟ್ರೀಯ ಪ್ರಶಸ್ತಿಗಾಗಿ ಸೆಣಸುವ ಅವಕಾಶವಿದ್ದದ್ದು ವರ್ಷಕ್ಕೆ ನಾಲ್ಕೇ ತಂಡಗಳಿಗೆ. ಎರಡು ಪಂದ್ಯ ಸೋತವರಿಗೆ ಬಾಗಿಲು ಮುಚ್ಚಿದಂತೆಯೇ. 2024ರಿಂದ ಆ ಸಂಖ್ಯೆ 12ಕ್ಕೆ ಏರಿತು. ಆಯ್ಕೆ ಸಮಿತಿ ಕೊಡುವ ಶ್ರೇಯಾಂಕ ಮತ್ತು ಒಕ್ಕೂಟಗಳ ಚಾಂಪಿಯನ್ ಪಟ್ಟ ಇವೆರಡರ ಆಧಾರದ ಮೇಲೆ ತಂಡಗಳನ್ನು ಆರಿಸಲಾಗುತ್ತದೆ. ಬಿಗ್ ಟೆನ್‌ನಂಥ ಬಲಿಷ್ಠ ಒಕ್ಕೂಟದಲ್ಲಿ 12ಕ್ಕೆ 10 ಗೆದ್ದರೆ ಈಗ ಬಾಗಿಲು ತೆರೆಯುವ ಸಾಧ್ಯತೆ ಚೆನ್ನಾಗಿದೆ. ಒಂಬತ್ತಾದರೆ ಬಾಗಿಲ ಬಳಿ ನಿಂತು ಒಳಗೆ ಇಣುಕಬಹುದು. ಆದ್ದರಿಂದ ಏಳು ಗೆಲುವಿನ ತಂಡದ ಅಭಿಮಾನಿ ‘ಇನ್ನು ಮೂರೇ ಮೂರು ಪಂದ್ಯ’ ಎಂದು ಹೇಳತೊಡಗಿದ್ದಾನೆ. ಹಿಂದೆ ಹಾಗೆ ಹೇಳುವುದಕ್ಕೆ ಅರ್ಥವಿರಲಿಲ್ಲ. ನೆಬ್ರಾಸ್ಕಾ 2024ರಲ್ಲೂ 2025ರಲ್ಲೂ ಬೌಲ್ ಪಂದ್ಯ ಸೇರಿ ಏಳು ಗೆದ್ದು ಆರು ಸೋತಿದೆ.

ಹನ್ನೆರಡೇ ಪಂದ್ಯಗಳ ಆಟ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಅಭಿಮಾನಿಯ ಆಸೆಗೆ ಗಟ್ಟಿಯಾದ ಆಧಾರವೊಂದು ಇರುವುದು ಇಲ್ಲಿಯೇ. ಪಂದ್ಯಗಳು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು. ಒಂದು ನಾಣ್ಯವನ್ನು ಹನ್ನೆರಡು ಬಾರಿ ಚಿಮ್ಮಿಸಿ ನೋಡಿ: ಆರು ಬಾರಿ ರಾಜನ ಮುಖ ಬೀಳಬೇಕೆಂಬುದು ನಿರೀಕ್ಷೆ. ಆದರೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬಾರಿ ಬೀಳುವ ಸಂಭವವೂ ಶೇ 7ಕ್ಕಿಂತ ಸ್ವಲ್ಪ ಹೆಚ್ಚಿದೆ, ಮೂರು ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಂಭವವೂ ಅಷ್ಟೇ ಇದೆ. ಅಂದರೆ ಪ್ರತಿಯೊಬ್ಬ ಎದುರಾಳಿಗೂ ಸರಿಸಮನಾದ ತಂಡವೊಂದು, ಆಟದ ಮಟ್ಟದಲ್ಲಿ ಏನೂ ಬದಲಾಗದಿದ್ದರೂ, ಸುಮಾರು ಏಳು ವರ್ಷಕ್ಕೊಮ್ಮೆ ಅದ್ಭುತ ತಂಡವಾಗಿಯೋ ಅಯೋಗ್ಯ ತಂಡವಾಗಿಯೋ ಕಾಣಿಸಿಕೊಳ್ಳಬಹುದು.

ನೆಬ್ರಾಸ್ಕಾದ 2021ರ ಋತು ಇದಕ್ಕೆ ಪಾಠದಂತಿದೆ. ಆ ವರ್ಷ ಗೆದ್ದದ್ದು ಮೂರು, ಸೋತದ್ದು ಒಂಬತ್ತು. ಆದರೆ ಆ ಒಂಬತ್ತು ಸೋಲುಗಳಲ್ಲಿ ಒಂದೂ ಒಂಬತ್ತು ಅಂಕಕ್ಕಿಂತ ಹೆಚ್ಚಿನ ಅಂತರದ್ದಲ್ಲ. ಎಂಟು ಪಂದ್ಯಗಳಲ್ಲಿ ಒಂದೇ ಒಂದು ಟಚ್‌ಡೌನ್ ಫಲಿತಾಂಶವನ್ನು ತಿರುಗಿಸಿಬಿಡಬಹುದಿತ್ತು. ಇಡೀ ವರ್ಷ ಗಳಿಸಿದ ಅಂಕಗಳನ್ನೂ ಬಿಟ್ಟುಕೊಟ್ಟ ಅಂಕಗಳನ್ನೂ ಕೂಡಿದರೆ ಗಳಿಸಿದ್ದೇ ಹೆಚ್ಚು. ಒಂಬತ್ತು ಸೋತ ತಂಡದ ಲೆಕ್ಕ ಹೀಗಿರುವುದು ತೀರಾ ಅಪರೂಪ. ಕೂದಲೆಳೆಯ ಅಂತರದ ಪಂದ್ಯಗಳಲ್ಲಿ ಗೆಲುವು ಸೋಲು ವರ್ಷಗಳು ಕಳೆದಂತೆ ಸಮಕ್ಕೆ ಬರುತ್ತವೆ ಎಂಬುದು ಅಂಕಿ ಅಂಶ ನೋಡುವವರ ಸಾಮಾನ್ಯ ತಿಳಿವಳಿಕೆ. ಹಾಗಾಗಿ ‘ಮುಂದಿನ ವರ್ಷ ಇವುಗಳಲ್ಲಿ ಅರ್ಧ ಗೆದ್ದರೂ ಸಾಕು’ ಎಂದು ಅಭಿಮಾನಿಗಳು ಹೇಳಿದ್ದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿರಲಿಲ್ಲ. ಆದರೆ 2022ರಲ್ಲಿ ಬಂದದ್ದು ನಾಲ್ಕೇ ಗೆಲುವು. ಕೊನೆಯ ಗಳಿಗೆಯ ತಪ್ಪುಗಳು ಅದೃಷ್ಟವೋ ಅಭ್ಯಾಸವೋ ಎಂಬ ವಾದ ಇಲ್ಲಿನ ಕಾಫಿ ಮೇಜುಗಳಲ್ಲಿ ಇವತ್ತಿಗೂ ಮುಗಿದಿಲ್ಲ.

ಆಟಗಾರರು ಬರುವ, ಹೋಗುವ ಬಗೆ

ಆಸೆ ವರ್ಷವರ್ಷವೂ ಹೊಸದಾಗಿ ಚಿಗುರಲು ಇನ್ನೊಂದು ಕಾರಣ, ತಂಡವೇ ವರ್ಷವರ್ಷ ಹೊಸದಾಗುವುದು. ವಿದ್ಯಾರ್ಥಿಗಳು ಓದು ಮುಗಿಸಿ ಹೊರಡುತ್ತಾರೆ, ಹೊಸಬರು ಬರುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರನ್ನು ಪಿಯು ಕಾಲೇಜುಗಳು ಶುಲ್ಕ ವಿನಾಯಿತಿ ಕೊಟ್ಟು ಸೆಳೆಯುವ ಹಾಗೆ, ಪ್ರೌಢಶಾಲೆಯ ಪ್ರತಿಭಾವಂತ ಆಟಗಾರರಿಗಾಗಿ ವಿಶ್ವವಿದ್ಯಾಲಯಗಳು ಪೈಪೋಟಿ ನಡೆಸುತ್ತವೆ. ಆ ಹುಡುಗರಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳ ಅಂಕ ಕೊಡುವ ಸಂಸ್ಥೆಗಳೇ ಇವೆ. ಐದು ನಕ್ಷತ್ರದವರು ದೇಶಕ್ಕೆಲ್ಲ ಬೆರಳೆಣಿಕೆಯಷ್ಟು.

ಹಿಂದೆ ಒಮ್ಮೆ ಸೇರಿದವನು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ವ್ಯವಸ್ಥೆ ಬಂತು, ಅಂದರೆ ತಂಡ ಬಿಡಲು ಬಯಸುವವರ ಹೆಸರು ದಾಖಲಾಗುವ ಒಂದು ಯಾದಿ. 2021ರಲ್ಲಿ ಒಮ್ಮೆ ತಂಡ ಬದಲಿಸಿದವನು ತಕ್ಷಣವೇ ಆಡಬಹುದೆಂದಾಯಿತು. 2024ರಲ್ಲಿ ಎಷ್ಟು ಬಾರಿ ಬದಲಿಸಿದರೂ ಆಡಬಹುದೆಂದಾಯಿತು. ಇದರ ಜೊತೆಗೆ ದುಡ್ಡಿನ ಪ್ರಶ್ನೆಯೂ ತಿರುವು ಪಡೆಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ಜಾಹೀರಾತಿನಿಂದ ಹಣ ಗಳಿಸಬಹುದು. ನ್ಯಾಯಾಲಯ 2025ರ ಜೂನ್‌ನಲ್ಲಿ ಒಪ್ಪಿದ ರಾಜಿ ಒಪ್ಪಂದವೊಂದರ ನಂತರ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷ ಎಲ್ಲ ಕ್ರೀಡೆಗಳನ್ನೂ ಸೇರಿಸಿ ಒಂದು ವಿಶ್ವವಿದ್ಯಾಲಯಕ್ಕೆ ಇದ್ದ ಮಿತಿ ಸುಮಾರು 2.05 ಕೋಟಿ ಡಾಲರ್. ಐಪಿಎಲ್ ಹರಾಜನ್ನು ನೆನೆದರೆ ಚಿತ್ರ ಅರ್ಧ ಸರಿಹೋಗುತ್ತದೆ. ಅಲ್ಲಿ ತಂಡಗಳು ಆಟಗಾರರನ್ನು ಆರಿಸುತ್ತವೆ, ಇಲ್ಲಿ ಕೊನೆಯ ಮಾತು ಆಟಗಾರನದು.

ಈ ವ್ಯವಸ್ಥೆ ಆಸೆಯನ್ನು ಹೇಗೆ ಕಟ್ಟುತ್ತದೆ, ಹೇಗೆ ಕೆಡವುತ್ತದೆ ಎಂಬುದಕ್ಕೆ ಡಿಲನ್ ರಾಯೋಲಾ ಎಂಬ ಕ್ವಾರ್ಟರ್‌ಬ್ಯಾಕ್‌ನ ಕಥೆ ನೋಡಬೇಕು. ಅವನ ತಂದೆ ಡೊಮಿನಿಕ್ ರಾಯೋಲಾ ನೆಬ್ರಾಸ್ಕಾ ಪರವಾಗಿ ಆಡಿ ಹೆಸರು ಮಾಡಿದವರು. ಐದು ನಕ್ಷತ್ರ ಪಡೆದಿದ್ದ ಮಗ ಮೊದಲು ಒಹಾಯೊ ಸ್ಟೇಟ್‌ಗೆ, ಆಮೇಲೆ ಜಾರ್ಜಿಯಾಗೆ ಮಾತು ಕೊಟ್ಟು, 2023ರ ಡಿಸೆಂಬರ್‌ನಲ್ಲಿ ಕೊನೆಗೆ ಅಪ್ಪನ ವಿಶ್ವವಿದ್ಯಾಲಯಕ್ಕೇ ಬಂದ. ಅವನ ಚಿಕ್ಕಪ್ಪ ಆಗಲೇ ಅಲ್ಲಿ ಸಹಾಯಕ ತರಬೇತುದಾರರು. ಇದಕ್ಕಿಂತ ಒಳ್ಳೆಯ ಶಕುನ ಬೇಕೆ ಎಂದು ರಾಜ್ಯವೆಲ್ಲ ಭಾವಿಸಿತು. 2025ರ ನವೆಂಬರ್ 1ರಂದು ಸದರ್ನ್ ಕ್ಯಾಲಿಫೋರ್ನಿಯಾ ವಿರುದ್ಧದ ಪಂದ್ಯದಲ್ಲಿ ಅವನ ಕಾಲಿನ ಮೂಳೆ ಮುರಿಯಿತು. ಋತು ಮುಗಿದ ಮೇಲೆ ಅವನು ಪೋರ್ಟಲ್ ಹೊಕ್ಕು, ಅದೇ ಒಕ್ಕೂಟದ ಒರೆಗಾನ್ ತಂಡ ಸೇರಿದ.

ಮೂರನೆಯ ವರ್ಷದ ಪವಾಡ

ತರಬೇತುದಾರರ ಹಿಂದಿನ ದಾಖಲೆಯೂ ನಿರೀಕ್ಷೆಗೆ ಗೊಬ್ಬರ. 2022ರ ಕೊನೆಯಲ್ಲಿ ನೇಮಕಗೊಂಡ ಮ್ಯಾಟ್ ರೂಲ್ ಇದಕ್ಕೆ ಮೊದಲು ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದೇ ಬಗೆಯ ಫಲ ತೆಗೆದಿದ್ದರು. ಟೆಂಪಲ್‌ನಲ್ಲಿ ಮೊದಲ ವರ್ಷ ಎರಡು ಗೆಲುವು, ಎರಡನೆಯ ವರ್ಷ ಆರು, ಮೂರನೆಯ ವರ್ಷ ಹತ್ತು. ಬೇಲರ್‌ನಲ್ಲಿ ಒಂದು, ಏಳು, ಹನ್ನೊಂದು. ನೆಬ್ರಾಸ್ಕಾದಲ್ಲಿ ಐದು, ಏಳು ಎಂದು ಆರಂಭವಾದಾಗ ಮೂರನೆಯ ವರ್ಷವಾದ 2025ರಲ್ಲಿ ಏನು ಬರಬೇಕೆಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಬಂದದ್ದು ಮತ್ತೆ ಏಳು. ಎರಡು ಸಲ ಆದದ್ದು ಮೂರನೆಯ ಸಲವೂ ಆಗಬೇಕೆಂಬ ನಿಯಮವಿಲ್ಲ ಎಂಬುದು ಸರಿ. ಆದರೆ ಬಿಗ್ ಟೆನ್‌ನಂಥ ಒಕ್ಕೂಟದಲ್ಲಿ ಮೇಲೇರಲು ಹೆಚ್ಚು ಕಾಲ ಬೇಕಾಗಬಹುದು ಎಂಬ ವಾದವೂ ತೆಗೆದುಹಾಕುವಂಥದ್ದಲ್ಲ. 2025ರ ಋತು ನಡೆಯುತ್ತಿರುವಾಗಲೇ ವಿಶ್ವವಿದ್ಯಾಲಯ ಅವರ ಒಪ್ಪಂದವನ್ನು 2032ರವರೆಗೆ ವಿಸ್ತರಿಸಿತು.

ಇಂಡಿಯಾನಾ ಎಂಬ ಉದಾಹರಣೆ

‘ಅವರಿಗೆ ಆಗುವುದಾದರೆ ನಮಗೇಕೆ ಆಗಬಾರದು?’ ಎಂದು ಈಗ ಯಾವ ತಂಡದ ಅಭಿಮಾನಿ ಹೇಳಿದರೂ ‘ಅವರು’ ಎಂದರೆ ಇಂಡಿಯಾನಾ ವಿಶ್ವವಿದ್ಯಾಲಯ. ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಸೋತ ತಂಡಗಳ ಸಾಲಿನಲ್ಲಿ ಮುಂದೆ ನಿಂತಿದ್ದ ಅದು 2023ರಲ್ಲಿ ಗೆದ್ದದ್ದು ಮೂರೇ ಪಂದ್ಯ. ಆ ವರ್ಷದ ಕೊನೆಗೆ ಕರ್ಟ್ ಸಿಗ್ನೆಟ್ಟಿ ಎಂಬ ತರಬೇತುದಾರರು ತಮ್ಮ ಹಳೆಯ ತಂಡದಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು ಕರೆದುಕೊಂಡು ಬಂದರು. 2024ರಲ್ಲಿ 11 ಗೆಲುವು, ಪ್ಲೇಆಫ್ ಪ್ರವೇಶ. 2025ರಲ್ಲಿ ಕ್ಯಾಲಿಫೋರ್ನಿಯಾದಿಂದ ಪೋರ್ಟಲ್ ಮೂಲಕ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾಗೆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ. 2026ರ ಜನವರಿಯಲ್ಲಿ ಮಯಾಮಿ ತಂಡವನ್ನು 27–21ರಿಂದ ಸೋಲಿಸಿ, ಒಂದೂ ಸೋಲಿಲ್ಲದೆ 16 ಗೆಲುವುಗಳೊಂದಿಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ.

ನೆಬ್ರಾಸ್ಕಾದವರಿಗೆ ಈ ಏರಿಕೆಯ ಮೊದಲ ಏಟು ತಗಲಿದ್ದು 2024ರ ಅಕ್ಟೋಬರ್ 19ರಂದು. ಆರರಲ್ಲಿ ಐದು ಗೆದ್ದು ಎದೆಯುಬ್ಬಿಸಿ ಇಂಡಿಯಾನಾಕ್ಕೆ ಹೋದ ತಂಡ 56–7ರಿಂದ ಸೋತು ಬಂತು. ಇಂಡಿಯಾನಾದ ಉದಾಹರಣೆ ತೋರಿಸುವುದು ಸಾಧ್ಯತೆಯನ್ನು ಮಾತ್ರ, ಸಂಭವವನ್ನಲ್ಲ. ಪೋರ್ಟಲ್, ಹಣ, 12 ತಂಡಗಳ ಪ್ಲೇಆಫ್ ಎಲ್ಲವೂ ಎಲ್ಲರಿಗೂ ಒಟ್ಟಿಗೇ ದೊರೆತಿವೆ, ಮತ್ತು ಬಿಗ್ ಟೆನ್‌ನೊಳಗೆ ಒಬ್ಬರು ಗೆದ್ದ ಪಂದ್ಯವನ್ನು ಇನ್ನೊಬ್ಬರು ಸೋತೇ ಇರಬೇಕು. ಹದಿನೆಂಟು ತಂಡಗಳೂ ಒಂದೇ ವರ್ಷ ಹತ್ತು ಗೆಲ್ಲುವುದು ಗಣಿತಕ್ಕೇ ಆಗದ ಮಾತು.

ಆರಂಭದ ಗೆಲುವುಗಳನ್ನು ಎಷ್ಟು ನಂಬಬಹುದು?

ಹೊಸಬರು ಮೋಸಹೋಗುವುದು ಸೆಪ್ಟೆಂಬರ್‌ನಲ್ಲಿ. ಒಕ್ಕೂಟದ ಹೊರಗಿನ ಮೂರು ಪಂದ್ಯಗಳು ಸಾಮಾನ್ಯವಾಗಿ ಮೊದಲೇ ಮುಗಿಯುತ್ತವೆ. ಅವುಗಳಲ್ಲಿ ಒಂದೆರಡನ್ನು ಸಣ್ಣ ವಿಶ್ವವಿದ್ಯಾಲಯಗಳಿಗೆ ದೊಡ್ಡ ಮೊತ್ತ ಕೊಟ್ಟು ಕರೆಸಿ ಆಡುವುದು ವಾಡಿಕೆ. ಮೊತ್ತ ಪಡೆದವರಿಗೆ ಅದರಿಂದ ವರ್ಷದ ಖರ್ಚಿನ ಒಂದು ಪಾಲು ನೀಗುತ್ತದೆ, ಕೊಟ್ಟವರಿಗೆ ಬಹುಮಟ್ಟಿಗೆ ಖಚಿತವಾದ ಗೆಲುವೂ ತವರಿನಲ್ಲಿ ಒಂದು ಪಂದ್ಯವೂ ಸಿಗುತ್ತವೆ. 2025ರಲ್ಲಿ ನೆಬ್ರಾಸ್ಕಾ ಹೀಗೆ ಆಕ್ರನ್ ತಂಡವನ್ನು 68–0, ಹ್ಯೂಸ್ಟನ್ ಕ್ರಿಶ್ಚಿಯನ್ ತಂಡವನ್ನು 59–7ರಿಂದ ಸೋಲಿಸಿತು. ಆ ಅಂಕಗಳಿಂದ ತಿಳಿದದ್ದು ಬಹಳ ಕಡಿಮೆ. ಮೊದಲ ನಿಜವಾದ ಅಳತೆಯಾಗಿ ಮಿಶಿಗನ್ ಬಂದಾಗ ತವರಿನಲ್ಲೇ 30–27ರ ಸೋಲಾಯಿತು.

ಈ ‘ನಿಜವಾದ ಅಳತೆ’ಗೆ ಒಂದು ಹೆಸರಿದೆ: ಶ್ರೇಯಾಂಕದ ತಂಡ. ಪತ್ರಕರ್ತರು ಮತ ಹಾಕಿ ವಾರವಾರ ಪ್ರಕಟಿಸುವ ದೇಶದ ಶ್ರೇಷ್ಠ ತಂಡಗಳ ಪಟ್ಟಿ 1936ರಿಂದ ನಡೆದುಬಂದಿದೆ, ಈಗ ಅದರಲ್ಲಿ 25 ತಂಡಗಳಿರುತ್ತವೆ. 2016ರ ಸೆಪ್ಟೆಂಬರ್‌ನಲ್ಲಿ ಒರೆಗಾನ್ ತಂಡವನ್ನು ಮಣಿಸಿದ ಮೇಲೆ 2025ರ ಋತು ಮುಗಿಯುವವರೆಗೂ ನೆಬ್ರಾಸ್ಕಾ ಆ ಪಟ್ಟಿಯಲ್ಲಿದ್ದ ಒಂದೇ ಒಂದು ತಂಡವನ್ನೂ ಸೋಲಿಸಿಲ್ಲ. ಆಸೆಯ ಬಿಸಿಯನ್ನು ಅಳೆಯಬೇಕೆನ್ನುವವರು ಮೊದಲು ಗಮನಿಸಬೇಕಾದ ಅಂಕಿ ಇದು ಎಂಬುದು ನನ್ನ ಎಣಿಕೆ. ಉಳಿದ ಲೆಕ್ಕಗಳೆಲ್ಲ ಇದರ ನಂತರ.

ನವೆಂಬರ್

ಗಮನಿಸಬೇಕಾದ ಎರಡನೆಯದು ತಿಂಗಳು. ರೂಲ್ ಅವರ ಮೂರೂ ವರ್ಷಗಳಲ್ಲಿ ಕಥೆ ಒಂದೇ ಬಗೆಯಲ್ಲಿ ಸಾಗಿದೆ. 2023ರಲ್ಲಿ ಎಂಟರಲ್ಲಿ ಐದು ಗೆದ್ದಿದ್ದ ತಂಡ ಕೊನೆಯ ನಾಲ್ಕನ್ನೂ ಸೋತು, ಬೌಲ್ ಅರ್ಹತೆಗೆ ಒಂದೇ ಗೆಲುವು ಸಾಲದೆ ಉಳಿಯಿತು. 2024ರಲ್ಲಿ ಆರರಲ್ಲಿ ಐದು ಗೆದ್ದ ಮೇಲೆ ಸತತ ನಾಲ್ಕು ಸೋಲು. 2025ರಲ್ಲಿ ಎಂಟರಲ್ಲಿ ಆರು ಗೆದ್ದಿದ್ದ ತಂಡ, ಕ್ವಾರ್ಟರ್‌ಬ್ಯಾಕ್ ಗಾಯಗೊಂಡ ನಂತರ, ಕೊನೆಯ ಮೂರು ಪಂದ್ಯಗಳಲ್ಲಿ ಪೆನ್ ಸ್ಟೇಟ್, ಅಯೋವಾ, ಯೂಟಾ ತಂಡಗಳಿಗೆ ದೊಡ್ಡ ಅಂತರದಲ್ಲಿ ಸೋತಿತು. ಕಾರಣಗಳು ಗೂಢವೇನಲ್ಲ. ಬಲಿಷ್ಠ ತಂಡಗಳು ಋತುವಿನ ಕೊನೆಗೆ ಎದುರಾಗುತ್ತವೆ. ಮೈಗೆ ಮೈ ಡಿಕ್ಕಿ ಹೊಡೆಯುವ ಈ ಆಟದಲ್ಲಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಮೊದಲ ಸಾಲಿನ ಎಷ್ಟೋ ಮಂದಿ ಗಾಯಾಳುಗಳಾಗಿರುತ್ತಾರೆ; ಆಗ ಗೆಲ್ಲಿಸಬೇಕಾದವರು ಎರಡನೆಯ ಸಾಲಿನವರು. ದೊಡ್ಡ ತಂಡಗಳಿಗೂ ಮಧ್ಯಮ ತಂಡಗಳಿಗೂ ಇರುವ ವ್ಯತ್ಯಾಸ ಕಾಣಿಸುವುದು ಆ ಎರಡನೆಯ ಸಾಲಿನಲ್ಲಿ. ಪೋರ್ಟಲ್ ಬಂದ ಮೇಲೆ ಬೆಂಚಿನ ಮೇಲೆ ಕಾಯುವ ತಾಳ್ಮೆಯಿರುವ ಒಳ್ಳೆಯ ಆಟಗಾರರನ್ನು ಹಿಡಿದಿಟ್ಟುಕೊಳ್ಳುವುದು ಇನ್ನಷ್ಟು ದುಬಾರಿಯಾಗಿದೆ.

ಕಾರ್ಡಿನ ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದು ಅಯೋವಾ. ಮಿಸೌರಿ ನದಿಯ ಆಚೆ ದಡದ ನೆರೆ ರಾಜ್ಯದ ಜೊತೆಗಿನ ಈ ಪಂದ್ಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ, ನವೆಂಬರ್ ಕೊನೆಯ ಶುಕ್ರವಾರದ ಸುಮಾರಿಗೆ ನಡೆಯುತ್ತದೆ. 2023ರಲ್ಲಿ ನೆಬ್ರಾಸ್ಕಾ 13–10ರಿಂದ ಸೋತಿತು, ಕೊನೆಯ ಕ್ಷಣದ ಒದೆತವೊಂದು ಕಂಬಗಳ ನಡುವೆ ತೂರಿಹೋದದ್ದರಿಂದ. 2024ರಲ್ಲಿ ಮತ್ತೆ 13–10, ಮತ್ತೆ ಕೊನೆಯ ಕ್ಷಣದ ಒದೆತ. 2025ರಲ್ಲಿ ತವರಿನಲ್ಲೇ 40–16.

ನನ್ನ ಸಹೋದ್ಯೋಗಿ ಮೊನ್ನೆ ಹೊಸ ಕಾರ್ಡಿಗೆ ಗುರುತು ಹಾಕಿ ಮುಗಿಸಿದರು. ಮೇಲಿನ ಹನ್ನೊಂದು ಸಾಲುಗಳಲ್ಲಿ ಎಂಟು ಗೆಲುವು, ಮೂರು ಸೋಲು. ಹನ್ನೆರಡನೆಯ ಸಾಲಿನ ಎದುರಿಗೆ ಏನೂ ಬರೆದಿರಲಿಲ್ಲ. ಏಕೆಂದು ಕೇಳಿದ್ದಕ್ಕೆ, ಅದನ್ನು ಪಂದ್ಯ ಮುಗಿದ ಮೇಲೆ ಪೆನ್ನಿನಲ್ಲೇ ಬರೆಯುತ್ತೇನೆ ಎಂದು ಹೇಳಿ ಪೆನ್ಸಿಲನ್ನು ಡ್ರಾಯರಿಗೆ ಹಾಕಿದರು.